ಒಂದು ಆಣೆಯ ಪ್ರಾಮಾಣಿಕತೆ

ಹೊಲದ ಹಳೆಯ ಟಿಪ್ಪಣಿ ನಕ್ಷೆಯನ್ನು ಬಿಡಿಸಿ ನೋಡಿದವರಿಗೆ ಗೊತ್ತು, ಅದರಲ್ಲಿ ಅಡಿಯೂ ಇಲ್ಲ, ಮೀಟರೂ ಇಲ್ಲ, ಸರಪಳಿ-ಆಣೆಗಳಿವೆ. ಸರಪಳಿ ಎಂದರೆ 33 ಅಡಿ. ಹಳೆಯ ರೂಪಾಯಿಯ ಹಾಗೆ ಅದಕ್ಕೂ ಹದಿನಾರು ಆಣೆ. ಒಂದು ಆಣೆಗೆ ಎರಡಡಿ ಮುಕ್ಕಾಲು ಅಂಗುಲ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕಕ್ಕೆ ಗುಂಟೆ. ಅಂಥ ನಲವತ್ತು ಸೇರಿದರೆ ಎಕರೆ.

ಈಗ ಒಂದು ಲೆಕ್ಕ ಹಾಕಿ. ಅಣ್ಣತಮ್ಮಂದಿರ ಎರಡು ಹೊಲಗಳ ನಡುವಿನ ಬದು ಇಪ್ಪತ್ತು ಸರಪಳಿ ಉದ್ದವಿದೆ. ಅಳೆಯಲು ಬಂದವನು ಆ ಬದುವನ್ನು ಒಂದೇ ಒಂದು ಆಣೆ ಆಚೆಗೆ ಸರಿಸಿ ಬರೆದ. ಅಷ್ಟಕ್ಕೇ ಒಬ್ಬನ ಒಂದೂಕಾಲು ಗುಂಟೆ ಇನ್ನೊಬ್ಬನಿಗೆ ಹೋಯಿತು. 1,361 ಚದರ ಅಡಿ, ಬೆಂಗಳೂರಿನ 30×40 ನಿವೇಶನಕ್ಕಿಂತ ದೊಡ್ಡದು. ಹೊಲದಲ್ಲಿ ನಿಂತು ನೋಡಿದರೆ ಈ ಎರಡಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬದುವಿನ ಮೇಲಿನ ಜಾಲಿಪೊದೆಯ ನೆರಳಿನಲ್ಲಿ ಮುಚ್ಚಿಹೋಗುವಷ್ಟು ಜಾಗ ಅದು.

ಭೂಮಾಪಕನ ವೃತ್ತಿಧರ್ಮದ ತೊಡಕೆಲ್ಲ ಈ ಕಾಣದ ಎರಡಡಿಯಲ್ಲಿದೆ. ಬಡಗಿಯ ತಪ್ಪು ಬಾಗಿಲು ಹಾಕುವಾಗಲೇ ತಿಳಿಯುತ್ತದೆ, ದರ್ಜಿಯ ತಪ್ಪು ಅಂಗಿ ತೊಟ್ಟಾಗ. ಅಳತೆಯ ತಪ್ಪು ಹೊರಬೀಳುವುದು ಮೊಮ್ಮಕ್ಕಳು ಹೊಲ ಮಾರಲು ಹೊರಟಾಗ. ಅಷ್ಟರಲ್ಲಿ ಸಹಿ ಹಾಕಿದವರು ನಿವೃತ್ತರಾಗಿರುತ್ತಾರೆ. ಇನ್ನೊಂದು ವಿಚಿತ್ರವೂ ಇದೆ. ಅರ್ಜಿ ಹಾಕಿ ಶುಲ್ಕ ಕಟ್ಟುವವನು ಒಬ್ಬ, ಅಳತೆಯ ಫಲ ಉಣ್ಣುವವರು ನಾಲ್ಕೂ ದಿಕ್ಕಿನವರು. ತನಗೆ ಒಂದು ಕಾಸೂ ಕೊಡದ ಪಕ್ಕದ ಹೊಲದವನಿಗೆ ಎಷ್ಟು ನಿಯತ್ತಾಗಿದ್ದಾನೆ ಎಂಬುದರಲ್ಲೇ ಅಳತೆಗಾರನ ಯೋಗ್ಯತೆ ಗೊತ್ತಾಗುವುದು.

ಇದನ್ನು ಅರಿಯಲು ಗುಜರಾತಿನ ಮೂರು ಊರುಗಳನ್ನು ಸುತ್ತಿಬರಬೇಕು: ಸೂರತ್, ಅಹಮದಾಬಾದ್, ವಡೋದರಾ. ದೂರದ ಊರುಗಳು ನಮಗೇಕೆ ಎನ್ನಬೇಡಿ. ಹೊಲದ ಮಟ್ಟಿಗೆ ಅವು ನಮ್ಮ ಧಾರವಾಡ-ಬೆಳಗಾವಿಯ ಬೀಗರೂರುಗಳು.

ಒಂದೇ ಸರಪಳಿ

ಬೆಳಗಾವಿ ಕಡೆಯವರು ಸೂರತ್ತಿನ ಕಂದಾಯ ಕಚೇರಿಯ ಮುಂದೆ ಹತ್ತು ನಿಮಿಷ ನಿಂತರೆ ಸಾಕು, ಅರ್ಧ ಮಾತು ತಾನಾಗಿ ತಿಳಿಯುತ್ತದೆ. ಊರಿನ ಲೆಕ್ಕ ಇಡುವವನು ಅಲ್ಲಿ ಇಂದಿಗೂ ತಲಾಟಿ. ನಮ್ಮ ಕಡೆ ಹಿರಿಯರು ಪಹಣಿ ಬೇಕಾದಾಗ ‘ಉತಾರ ತೆಗೆಸು’ ಎನ್ನುತ್ತಾರಲ್ಲ, ಅಲ್ಲಿ ಅದು ‘ಸಾತ್-ಬಾರ್‌ನಾ ಉತಾರಾ’. ಗುಂಟೆ ಅಲ್ಲಿ ಗುಂಠಾ, ಅಳತೆ ಅದೇ 33×33 ಅಡಿ. ಕರ್ನಾಟಕದ ಸರ್ವೆ ಇಲಾಖೆ ತನ್ನ ತಂತ್ರಾಂಶಕ್ಕೆ ‘ಮೋಜಿಣಿ’ ಎಂದು ಹೆಸರಿಟ್ಟಿದ್ದರೆ, ಗುಜರಾತ್ ಸರ್ಕಾರ ‘ಐ-ಮೋಜಣಿ’ ಎಂದಿದೆ.

ಈ ನೆಂಟಸ್ತಿಕೆಗೆ ಕಾರಣ ಮುಂಬಯಿ ಪ್ರಾಂತ. ಸೂರತ್, ಅಹಮದಾಬಾದ್, ಧಾರವಾಡ, ಬೆಳಗಾವಿ, ವಿಜಯಪುರ ಎಲ್ಲವನ್ನೂ ಅಳೆದದ್ದು ಒಂದೇ ಪದ್ಧತಿ. ಆ ಪದ್ಧತಿ ಹುಟ್ಟಿದ್ದು ಒಂದು ಸೋಲಿನಿಂದ. 1820ರ ದಶಕದ ಕೊನೆಯಲ್ಲಿ ಪ್ರಿಂಗಲ್ ಎಂಬ ಅಧಿಕಾರಿ ಪುಣೆಯ ಸುತ್ತಿನ ಹಳ್ಳಿಗಳನ್ನು ಅಳೆಸಿದ. ಹೊಲದ ನಿವ್ವಳ ಹುಟ್ಟುವಳಿ ಕಂಡುಹಿಡಿದು ಅದರ ಶೇ. 55ರಷ್ಟನ್ನು ಸರ್ಕಾರಕ್ಕೆ ನಿಗದಿ ಮಾಡುವ ಯೋಜನೆ. ಕಾಗದದ ಮೇಲೆ ಲೆಕ್ಕ ಚೊಕ್ಕವಾಗಿತ್ತು. ಆದರೆ ಸರಪಳಿ ಹಿಡಿದ ಕೆಳಗಿನ ನೌಕರರು ಲಂಚಕ್ಕೆ ತಕ್ಕಂತೆ ಹೊಲ ಅಳೆದರು, ಮಣ್ಣಿನ ದರ್ಜೆ ಬರೆದರು. ತೆರಿಗೆ ತಾಳಲಾರದೆ ರೈತರು ಹೊಲ ಬಿಟ್ಟು ಹೋದರು. ಕೊನೆಗೆ ಇಡೀ ಸರ್ವೆಯನ್ನೇ ಕೈಬಿಡಬೇಕಾಯಿತು.

1835ರಲ್ಲಿ ಇಂದಾಪುರದಲ್ಲಿ ಹೊಸದಾಗಿ ಶುರು ಮಾಡಿದವರು ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್. 1840ರ ದಶಕದಲ್ಲಿ ವಿಂಗೇಟ್ ನಮ್ಮ ಧಾರವಾಡ ಸೀಮೆಗೂ ಬಂದ. 1847ರ ಜಂಟಿ ವರದಿಯಲ್ಲಿ ಪದ್ಧತಿಗೆ ಗಟ್ಟಿ ರೂಪ ಸಿಕ್ಕಿತು. ಮಣ್ಣಿಗೆ ಒಂಬತ್ತು ದರ್ಜೆ. ಅತ್ಯುತ್ತಮ ಎರೆಗೆ ಹದಿನಾರಾಣೆ, ಕೆಳಗಿಳಿದಂತೆ ಆಣೆ ಕಡಿಮೆ. ಕಲ್ಲು ಬೆರೆತಿದ್ದರೆ, ಇಳಿಜಾರಾಗಿದ್ದರೆ, ನೀರು ನಿಲ್ಲುತ್ತಿದ್ದರೆ ಒಂದೊಂದಕ್ಕೂ ಒಂದೊಂದು ಗುರುತು. ನಮ್ಮ ಸರ್ವೆ ಕಚೇರಿಗಳ ‘ಪ್ರತಿ ಬುಕ್’ ಎಂಬ ದಾಖಲೆಯಲ್ಲಿ ಆ ವಿವರಗಳು ಇಂದಿಗೂ ಇವೆ. ಇವೆಲ್ಲಕ್ಕಿಂತ ದೊಡ್ಡ ಬದಲಾವಣೆ ಬೇರೆಯದೇ. ಕೆಳಗಿನವರು ಅಳೆದ ಹೊಲಗಳಲ್ಲಿ ಒಂದಷ್ಟನ್ನು ಮೇಲಿನವರು ತಾವೇ ಹೋಗಿ ಮತ್ತೆ ಅಳೆದು ತಾಳೆ ನೋಡಬೇಕು, ಗಡಿಗೆ ಅಳಿಸಲಾಗದ ಬಾಂದುಕಲ್ಲು ನೆಡಬೇಕು ಎಂಬ ನಿಯಮ ಬಂತು. ಒಳ್ಳೆಯ ಮನುಷ್ಯ ಸಿಗಲಿ ಎಂದು ಕಾಯುತ್ತ ಕೂರದೆ, ಕೆಟ್ಟವನಿಗೂ ತಪ್ಪೆಸಗುವುದು ಕಷ್ಟವಾಗುವ ಹಾಗೆ ಕೆಲಸ ಕಟ್ಟಿದರು.

ಹೊಲಕ್ಕಿಳಿಯದ ವರದಿ

ಸೂರತ್ ಜಿಲ್ಲೆಯ ಬಾರ್ಡೋಲಿ ಎಂದೊಡನೆ ನಮಗೆ ನೆನಪಾಗುವುದು 1928ರ ಕರನಿರಾಕರಣೆ, ವಲ್ಲಭಭಾಯಿ ಪಟೇಲರಿಗೆ ‘ಸರ್ದಾರ್’ ಎಂಬ ಹೆಸರು ಅಂಟಿದ್ದು. ಆ ಹೋರಾಟದ ಬೇರು ಇದ್ದದ್ದು ಒಂದು ಸರ್ವೆ ಸೆಟ್ಲ್‌ಮೆಂಟ್ ವರದಿಯಲ್ಲಿ ಎಂಬುದನ್ನು ನೆನೆಯುವವರು ಕಡಿಮೆ.

ಮುಂಬಯಿ ಪದ್ಧತಿಯಲ್ಲಿ ಸುಮಾರು ಮೂವತ್ತು ವರ್ಷಕ್ಕೊಮ್ಮೆ ಕಂದಾಯದ ಮರುನಿಗದಿ. 1925ರಲ್ಲಿ ಬಾರ್ಡೋಲಿಯ ಸರದಿ ಬಂತು. ಕೆಲಸ ಡೆಪ್ಯುಟಿ ಕಲೆಕ್ಟರ್ ಎಂ.ಎಸ್. ಜಯಕರ್ ಅವರ ಪಾಲಿಗೆ ಬಿತ್ತು. ರೈಲು ಬಂದಿದೆ, ಬೆಳೆಯ ಬೆಲೆ ಏರಿದೆ, ಜನ ಅನುಕೂಲವಾಗಿದ್ದಾರೆ ಎಂದು ಬರೆದು ಹತ್ತಿರ ಹತ್ತಿರ ಶೇ. 30ರ ಏರಿಕೆಗೆ ಅವರು ಶಿಫಾರಸು ಮಾಡಿದರು. ಮೇಲಿದ್ದ ಸೆಟ್ಲ್‌ಮೆಂಟ್ ಕಮಿಷನರ್ ಆಂಡರ್ಸನ್‌ಗೆ ಬೆಲೆಯ ಆಧಾರ ಒಪ್ಪಿಗೆಯಾಗಲಿಲ್ಲ. ಗೇಣಿಯ ಆಧಾರ ಹಿಡಿದರು. ವರದಿಯ ಕೊನೆಗಿದ್ದ ಪಟ್ಟಿಯಲ್ಲಿ 42,923 ಎಕರೆ ಗೇಣಿಗೆ ಹೋಗಿದೆ ಎಂದಿತ್ತು. ಅಂದಮೇಲೆ ತಾಲ್ಲೂಕಿನ ಮೂರರಲ್ಲೊಂದು ಪಾಲು ಗೇಣಿಯಲ್ಲಿದೆ, ಗೇಣಿಯ ದರವೇ ಹೊಲದ ನಿಜವಾದ ಬೆಲೆ ಎಂದು ತರ್ಕ ಕಟ್ಟಿದರು. ಆದರೆ ಆ ಸಂಖ್ಯೆ ಒಂದು ವರ್ಷದ್ದಾಗಿರಲಿಲ್ಲ. ಏಳು ವರ್ಷಗಳ ಗೇಣಿ ಕೂಡಿಸಿ ಬಂದ ಮೊತ್ತ. ಅದೇ ಹೊಲವನ್ನು ವರ್ಷವರ್ಷವೂ ಎಣಿಸುತ್ತ ಹೋಗಿದ್ದರು.

1927ರಲ್ಲಿ ಸರ್ಕಾರ ಶೇ. 22ರಷ್ಟು ಏರಿಕೆಯ ಹುಕುಂ ಹೊರಡಿಸಿತು. ಅಧಿಕಾರಿಗಳು ಹಳ್ಳಿಗಳಲ್ಲಿ ನಮ್ಮನ್ನು ಸರಿಯಾಗಿ ವಿಚಾರಿಸಲೇ ಇಲ್ಲ ಎಂಬುದು ರೈತರ ದೂರು. ಏರಿಕೆ ರದ್ದು ಮಾಡಿ, ಇಲ್ಲವೇ ನಿಷ್ಪಕ್ಷವಾದ ತನಿಖೆ ನಡೆಸಿ ಎಂದು ಕೇಳಿದರು. ಸರ್ಕಾರ ಕಿವಿಗೊಡಲಿಲ್ಲ. 1928ರ ಫೆಬ್ರುವರಿ 12ರಂದು ಸತ್ಯಾಗ್ರಹ ಆರಂಭವಾಯಿತು. ಎಮ್ಮೆ, ಪಾತ್ರೆಪಗಡ, ಹೊಲ ಎಲ್ಲ ಜಪ್ತಿಯಾದವು. ಆಗಸ್ಟಿನಲ್ಲಿ ಸರ್ಕಾರ ಮಣಿದು ತನಿಖೆಗೆ ಒಪ್ಪಿತು.

ತನಿಖೆಗೆ ಬಂದವರು ಬ್ರೂಮ್‌ಫೀಲ್ಡ್ ಮತ್ತು ಮ್ಯಾಕ್ಸ್‌ವೆಲ್. 1922ರಲ್ಲಿ ಅಹಮದಾಬಾದಿನಲ್ಲಿ ಗಾಂಧೀಜಿಗೆ ಆರು ವರ್ಷಗಳ ಸಜೆ ವಿಧಿಸಿದ ನ್ಯಾಯಾಧೀಶರೇ ಈ ಬ್ರೂಮ್‌ಫೀಲ್ಡ್. ಇಬ್ಬರೂ ಸರ್ಕಾರದ ಆಳುಗಳು, ರೈತರ ಪರ ವಾಲುವವರಲ್ಲ. ಆದರೂ ಅವರು ವರದಿ ಬರೆದ ಅಧಿಕಾರಿಗಳು ಮಾಡದ ಒಂದು ಕೆಲಸ ಮಾಡಿದರು: ಹಳ್ಳಿಯಿಂದ ಹಳ್ಳಿಗೆ ಹೋಗಿ ಒಂದೊಂದು ಗೇಣಿಯನ್ನೂ ಬಿಡಿಸಿ ಕೇಳಿದರು. ಗೇಣಿಯ ಅಂಕಿಅಂಶ ನಂಬುವಂಥದ್ದಲ್ಲ ಎಂದು ಅವರಿಗೆ ಮನದಟ್ಟಾಯಿತು. ಏರಿಕೆ ಶೇ. 6ರ ಆಸುಪಾಸಿಗೆ ಇಳಿಯಿತು. ಮಹಾದೇವ ದೇಸಾಯಿ 1929ರಲ್ಲಿ ಈ ಕಥೆಯನ್ನೆಲ್ಲ ಪುಸ್ತಕವಾಗಿಸಿದರು. ಮುಂದೆ ಕಂದಾಯ ಕೊಡೆವೆಂದು ನಿಂತ ಅಂಕೋಲೆಗೆ ‘ಕರ್ನಾಟಕದ ಬಾರ್ಡೋಲಿ’ ಎಂಬ ಹೆಸರು ಬಂತು.

ಈ ಪ್ರಕರಣದಲ್ಲಿ ಲಂಚದ ಮಾತೇ ಇಲ್ಲ ಎಂಬುದನ್ನು ಗಮನಿಸಬೇಕು. ವೃತ್ತಿನೀತಿ ಎಂದೊಡನೆ ಮೇಜಿನ ಕೆಳಗಿನ ಕವರು ನೆನಪಾಗುವುದು ನಮ್ಮ ರೂಢಿ. ಬಾರ್ಡೋಲಿಯಲ್ಲಿ ಯಾರೂ ಕವರು ಪಡೆಯಲಿಲ್ಲ. ಒಬ್ಬರು ಬರೆದ ಪಟ್ಟಿಯನ್ನು ಇನ್ನೊಬ್ಬರು ಪರೀಕ್ಷಿಸದೆ ನಂಬಿದರು, ತೀರ್ಮಾನ ಮೊದಲಾಯಿತು, ಲೆಕ್ಕ ಆಮೇಲೆ ಬಂತು. ಇಷ್ಟರಿಂದಲೇ ಒಂದು ತಾಲ್ಲೂಕು ಆರು ತಿಂಗಳು ಹೊತ್ತಿ ಉರಿಯಿತು. ಸೋಮಾರಿತನವೂ ಅಪ್ರಾಮಾಣಿಕತೆಯೇ, ಅದಕ್ಕೆ ರಸೀದಿ ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಎಲ್ಲರ ಹೊಲ ಒಂದೇ ರಾಶಿಗೆ

ಅಹಮದಾಬಾದಿನ ಹೊರವಲಯದಲ್ಲಿ ಜಮೀನಿದ್ದವರ ಬಾಯಲ್ಲಿ ಸದಾ ಇರುವ ಮಾತು ‘ಟೀಪಿ’, ಅಂದರೆ ಟೌನ್ ಪ್ಲಾನಿಂಗ್ ಸ್ಕೀಮ್. ಅದರ ಬೇರು 1915ರ ಮುಂಬಯಿ ಕಾಯ್ದೆಯಲ್ಲಿದೆ. ಆಗ ಮುಂಬಯಿ ಸರ್ಕಾರದ ಸಲಹಾ ಸರ್ವೆಯರ್ ಆಗಿದ್ದ ಮಿರಾಮ್ಸ್ ಎಂಬವರು ಈ ಪದ್ಧತಿಯ ಪ್ರಬಲ ಪ್ರಚಾರಕರು. ನಗರದ ಜಮಾಲ್‌ಪುರದಲ್ಲಿ ಇದರ ಆರಂಭದ ಪ್ರಯೋಗ ನಡೆಯಿತು. ಈಗ ನಡೆಯುತ್ತಿರುವುದು 1976ರ ಗುಜರಾತ್ ಕಾಯ್ದೆಯಂತೆ.

ನಮ್ಮಲ್ಲಿ ಬಡಾವಣೆಗೆ ಜಮೀನು ಬೇಕಾದರೆ ಸ್ವಾಧೀನ, ಪರಿಹಾರ, ಕೋರ್ಟು. ಅಲ್ಲಿ ಬೇರೆ ದಾರಿ. ನೂರಾರು ಎಕರೆಯ ಡೊಂಕು ಹೊಲಗಳನ್ನೆಲ್ಲ ನಕ್ಷೆಯ ಮೇಲೆ ಒಂದೇ ರಾಶಿ ಹಾಕುತ್ತಾರೆ. ರಸ್ತೆ, ಉದ್ಯಾನ, ಶಾಲೆ, ಬಡವರ ಮನೆಗಳಿಗೆಂದು ಒಂದು ಪಾಲು ಕತ್ತರಿಸುತ್ತಾರೆ. ಇದಕ್ಕೆ ಅಲ್ಲಿನ ಮಾತಿನಲ್ಲಿ ‘ಕಪಾತ್’, ಅದು ಶೇ. 40ರ ತನಕ ಹೋಗುವುದುಂಟು. ಉಳಿದದ್ದನ್ನು ನೇರವಾದ ತುಂಡುಗಳನ್ನಾಗಿ ಮಾಡಿ ಅವರವರ ಹಳೆಯ ಹೊಲದ ಹತ್ತಿರದಲ್ಲೇ ಹಿಂದಿರುಗಿಸುತ್ತಾರೆ. ಮೂಲ ಹೊಲಕ್ಕೆ ‘ಓಪಿ’, ಮರಳಿ ಬಂದದ್ದಕ್ಕೆ ‘ಎಫ್‌ಪಿ’. ವಿಸ್ತೀರ್ಣ ಕಡಿಮೆಯಾಗುತ್ತದೆ, ಬೆಲೆ ಏರುತ್ತದೆ. ನಗರವನ್ನು ಬಳಸಿಕೊಂಡು ಹೋಗುವ 76 ಕಿ.ಮೀ. ಉದ್ದದ ಸರ್ದಾರ್ ಪಟೇಲ್ ವರ್ತುಲ ರಸ್ತೆಗೆ ಬಹುಪಾಲು ಜಮೀನು ಸಿಕ್ಕಿದ್ದು ಹೀಗೆ.

ಇಲ್ಲಿ ಅಳತೆಗಾರನ ಕೆಲಸ ಎಷ್ಟು ನಾಜೂಕಿನದು ಎಂದು ಯೋಚಿಸಿ. ರಾಶಿಗೆ ಬಂದ ಒಟ್ಟು ಜಮೀನು ಹಿಗ್ಗುವಂಥದ್ದಲ್ಲ. ಒಬ್ಬನ ಓಪಿಯನ್ನು ಅರ್ಧ ಗುಂಟೆ ಹೆಚ್ಚು ಬರೆದರೆ ಆ ಅರ್ಧ ಗುಂಟೆ ಆಕಾಶದಿಂದ ಉದುರದು, ಉಳಿದವರ ಪಾಲಿನಿಂದಲೇ ಬರಬೇಕು. ಉತಾರದಲ್ಲಿ ಒಂದು ಅಂಕಿ, ನೆಲದ ಮೇಲೆ ಇನ್ನೊಂದು ಇರುವುದು ಗುಜರಾತಿನಲ್ಲೂ ಸಾಮಾನ್ಯ, ನಮ್ಮಲ್ಲೂ ಸಾಮಾನ್ಯ. ಎರಡನ್ನೂ ಮುಚ್ಚುಮರೆಯಿಲ್ಲದೆ ಬರೆದು, ವ್ಯತ್ಯಾಸ ಎಲ್ಲಿಂದ ಬಂತೆಂದು ತೋರಿಸುವುದು ಅಳತೆಗಾರನ ಧರ್ಮ. ಯಾರಿಗೂ ಕಾಣದಂತೆ ಸರಿದೂಗಿಸಿದರೆ ಕಡತ ಬೇಗ ಮುಗಿಯುತ್ತದೆ, ಜಗಳ ಶುರುವಾಗುತ್ತದೆ.

ಇನ್ನೊಂದು ಪ್ರಲೋಭನೆ ಅಳತೆಯದ್ದೇ ಅಲ್ಲ, ಮಾಹಿತಿಯದು. ಯಾವ ಹೊಲದ ಮೂತಿಗೆ 60 ಅಡಿ ರಸ್ತೆ ಬರಲಿದೆ ಎಂಬುದು ಹೊಲದ ಒಡೆಯನಿಗಿಂತ ಮೊದಲು ತಿಳಿಯುವುದು ನಕ್ಷೆ ತಯಾರಿಸುವವರಿಗೆ. ಆ ಸಂಜೆ ಅವರು ಚಹಾದಂಗಡಿಯಲ್ಲಿ ಯಾರ ಜೊತೆ ಏನು ಮಾತಾಡುತ್ತಾರೆ ಎಂಬುದರ ಮೇಲೆ ಒಬ್ಬ ರೈತ ಹೊಲ ಇಟ್ಟುಕೊಳ್ಳುತ್ತಾನೋ ಅಗ್ಗಕ್ಕೆ ಮಾರುತ್ತಾನೋ ಎಂಬುದು ನಿಂತಿರುತ್ತದೆ. ಬಾಯಿ ಬಿಗಿಹಿಡಿಯುವುದೂ ಈ ಕಸುಬಿನ ಒಂದು ಉಪಕರಣ.

ಯಂತ್ರ ಹೇಳಿತು

ಹಳೆಯ ಸರಪಳಿಗೆ ಎರಡು ತುದಿ, ಹಿಡಿಯಲು ಇಬ್ಬರು ಬೇಕು. ಈಗಿನ ರೋವರ್‌ಗೆ ಒಂದೇ ಕೋಲು. ಉಪಗ್ರಹಗಳ ಸಂಕೇತ ಹಿಡಿದು ಕೆಲವೇ ಸೆಂಟಿಮೀಟರುಗಳ ನಿಖರತೆಯಲ್ಲಿ ಜಾಗ ಹೇಳುತ್ತದೆ. ಇಷ್ಟಾದ ಮೇಲೆ ಪ್ರಾಮಾಣಿಕತೆಯ ಮಾತೇಕೆ ಎನಿಸಬಹುದು. ಗುಜರಾತಿನ ಮರುಮಾಪನದಲ್ಲಿ ಇದಕ್ಕೆ ಉತ್ತರವಿದೆ.

ರಾಜ್ಯದ ಹೊಲಗಳನ್ನೆಲ್ಲ ಆಧುನಿಕ ಉಪಕರಣಗಳಿಂದ ಮತ್ತೆ ಅಳೆಯುವ ಕೆಲಸ ಕೇಂದ್ರದ ಭೂದಾಖಲೆ ಯೋಜನೆಯಡಿ ಜಾಮ್‌ನಗರದಿಂದ ಶುರುವಾಯಿತು. ಅಳೆದದ್ದು ಗುತ್ತಿಗೆ ಪಡೆದ ಖಾಸಗಿ ಸಂಸ್ಥೆಗಳು. ಹೊಸ ದಾಖಲೆ ಪ್ರಕಟವಾದಾಗ ದೂರುಗಳ ಸುರಿಮಳೆ. ಒಬ್ಬನ ವಿಸ್ತೀರ್ಣ ಕುಗ್ಗಿತ್ತು, ಒಬ್ಬನ ಹೊಲದ ಆಕಾರ ಬದಲಾಗಿತ್ತು, ಇನ್ನೊಬ್ಬನದು ನಕ್ಷೆಯಲ್ಲಿ ಬೇರೆ ಕಡೆ ಹೋಗಿ ಕೂತಿತ್ತು. ಕೊನೆಗೆ ಜಾಮ್‌ನಗರ ಮತ್ತು ದೇವಭೂಮಿ ದ್ವಾರಕಾ ಜಿಲ್ಲೆಗಳನ್ನು ಮತ್ತೊಮ್ಮೆ ಅಳೆಯುವ ತೀರ್ಮಾನಕ್ಕೆ ಸರ್ಕಾರ ಬರಬೇಕಾಯಿತು.

ಯಂತ್ರ ಸುಳ್ಳು ಹೇಳುವುದಿಲ್ಲ ನಿಜ. ಅದನ್ನು ಎಲ್ಲಿ ನಿಲ್ಲಿಸಿದರೋ ಆ ಜಾಗ ಎಲ್ಲಿದೆ ಎಂದಷ್ಟೇ ಅದು ಹೇಳುತ್ತದೆ. ನಿಲ್ಲಿಸಬೇಕಾದ್ದು ಅಲ್ಲಿಯೋ, ಇಲ್ಲವೇ ನಾಲ್ಕು ಹೆಜ್ಜೆ ಆಚೆಗಿನ ಹೂತುಹೋದ ಬಾಂದುಕಲ್ಲಿನ ಮೇಲೋ ಎಂಬುದು ಅದಕ್ಕೆ ತಿಳಿಯದು. ಅದನ್ನು ಹಳೆಯ ಟಿಪ್ಪಣಿ ಕೈಲಿ ಹಿಡಿದು, ಮುಳ್ಳುಪೊದೆ ಸವರಿ, ನೆಲ ಕೆದಕಿ ಕಂಡುಹಿಡಿಯಬೇಕಾದವನು ಮನುಷ್ಯ. ತಪ್ಪು ಕಲ್ಲಿನಿಂದ ಹೊರಟ ಅಳತೆ ಎಷ್ಟು ನಿಖರವಾಗಿದ್ದರೂ ಅದು ತಪ್ಪಿನ ನಿಖರವಾದ ನಕಲು ಮಾತ್ರ.

ನಾಲ್ಕು ದಿಕ್ಕಿನ ಸಾಕ್ಷಿ

ವಡೋದರಾದ ಪಾಠ ಎಲ್ಲಕ್ಕಿಂತ ಹಳೆಯದು, ಅದರಲ್ಲಿ ನಮ್ಮವರ ಪಾಲೂ ಇದೆ. ಊರಿನ ಹೆಸರು ಮೊದಲ ಬಾರಿ ಕಾಣಸಿಗುವ ದಾಖಲೆಗಳಲ್ಲಿ ಒಂದು ರಾಷ್ಟ್ರಕೂಟರ ಭೂದಾನದ ತಾಮ್ರಪಟ. ಮಾನ್ಯಖೇಟದ, ಅಂದರೆ ನಮ್ಮ ಕಲಬುರಗಿ ಜಿಲ್ಲೆಯ ಮಳಖೇಡದ ಆ ಮನೆತನದ ಒಂದು ಶಾಖೆ ಲಾಟ ದೇಶವನ್ನು, ಅಂದರೆ ದಕ್ಷಿಣ ಗುಜರಾತನ್ನು, ಆಳುತ್ತಿತ್ತು. ಆ ಶಾಖೆಯ ಕರ್ಕರಾಜ ಶಕ 734ರಲ್ಲಿ, ಅಂದರೆ ಕ್ರಿ.ಶ. 812ರ ಸುಮಾರಿಗೆ, ವಡಪದ್ರಕ ಎಂಬ ಹಳ್ಳಿಯನ್ನು ದಾನ ಕೊಟ್ಟ. ಅದು ಅಂಕೋಟ್ಟಕ ಎಂಬ 84 ಹಳ್ಳಿಗಳ ಗುಂಪಿಗೆ ಸೇರಿದ್ದು. ವಡಪದ್ರಕವೇ ವಡೋದರಾ, ಅಂಕೋಟ್ಟಕ ಇಂದು ಅದೇ ನಗರದ ಅಕೋಟಾ.

ಇಂಥ ಪಟಗಳ ಕ್ರಮ ನಮ್ಮ ಶಾಸನಗಳನ್ನು ಓದಿದವರಿಗೆ ಪರಿಚಿತ. ಕೊಟ್ಟವರು, ಪಡೆದವರು ಆದ ಮೇಲೆ ಚತುಸ್ಸೀಮೆ: ಮೂಡಣಕ್ಕೆ ಇಂಥ ಊರು, ತೆಂಕಣಕ್ಕೆ ಇಂಥ ಕೆರೆ. ಗಡಿಯನ್ನು ಹೇಳುವುದೆಂದರೆ ನೆರೆಯವರನ್ನು ಹೆಸರಿಸುವುದು ಎಂಬ ತಿಳಿವಳಿಕೆ ಅದು. ತಪ್ಪಿದವರು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾರೆಂಬ ಶಾಪ ಕೊನೆಯಲ್ಲಿ. ಶಾಪವೊಂದೇ ಸಾಲದೆಂಬುದೂ ಅವರಿಗೆ ಗೊತ್ತಿತ್ತು. ಸುಳ್ಳು ತಾಮ್ರಪಟಕ್ಕೆ ‘ಕೂಟಶಾಸನ’ ಎಂಬ ಪದವೇ ಇತ್ತು. ಹರ್ಷವರ್ಧನನ ಮಧುಬನ್ ಪಟದಲ್ಲಿ, ಕೂಟಶಾಸನದ ಬಲದಿಂದ ಹಳ್ಳಿಯೊಂದನ್ನು ಅನುಭವಿಸುತ್ತಿದ್ದವನಿಂದ ಅದನ್ನು ಕಿತ್ತು ಬೇರೆಯವರಿಗೆ ಕೊಟ್ಟ ವಿವರವಿದೆ. ನಕಲಿ ದಾಖಲೆಗೆ ಹದಿಮೂರು ಶತಮಾನಗಳ ಇತಿಹಾಸವಾದರೂ ಇದೆ.

ಊಟ ಎಲ್ಲಿ?

ವಕೀಲರು ತಪ್ಪಿದರೆ ಬಾರ್ ಕೌನ್ಸಿಲ್ ಇದೆ, ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯ ಕೌನ್ಸಿಲ್ ಇದೆ. ಭೂಮಾಪಕರಿಗೆ ಇಡೀ ದೇಶಕ್ಕೆ ಅಂಥ ಶಾಸನಬದ್ಧ ಮಂಡಳಿ ಇಲ್ಲ. 1878ರಲ್ಲಿ ಪ್ಯಾರಿಸ್ಸಿನಲ್ಲಿ ಹುಟ್ಟಿದ ಸರ್ವೆಯರುಗಳ ಅಂತರರಾಷ್ಟ್ರೀಯ ಒಕ್ಕೂಟ 1998ರಲ್ಲಿ ವೃತ್ತಿನೀತಿಯ ಮಾದರಿಯೊಂದನ್ನು ಪ್ರಕಟಿಸಿದೆ. ಅದು ಸಲಹೆ, ಚಾಟಿಯಲ್ಲ. ನಮ್ಮಲ್ಲಿ ಸರ್ಕಾರಿ ಭೂಮಾಪಕರಿಗೆ ಇಲಾಖೆಯ ಶಿಸ್ತು, ಪರವಾನಗಿ ಭೂಮಾಪಕರಿಗೆ ಪರವಾನಗಿ ರದ್ದಾಗುವ ಭಯ. ಹೊಲದ ಭಾಗ ಮಾರುವಾಗಿನ 11ಇ ನಕ್ಷೆ, ಹೊಲ ಬೇರ್ಪಡಿಸುವ ಪೋಡಿ, ಭೂಪರಿವರ್ತನೆಯ ನಕ್ಷೆಗಳಲ್ಲಿ ದೊಡ್ಡ ಪಾಲು ತಯಾರಾಗುವುದು ಈ ಪರವಾನಗಿದಾರರ ಕೈಯಲ್ಲಿ. ಅವರು ಅಳೆದ ಮೇಲೆ ಕಚೇರಿಯಲ್ಲಿ ತಪಾಸಣೆಯಾಗುತ್ತದೆ. ಆ ತಪಾಸಣೆ ಮೇಜಿನ ಮೇಲೆಯೇ ಮುಗಿದರೆ ವಿಂಗೇಟನ ನಿಯಮ ಹೆಸರಿಗೆ ಉಳಿದು, ಬಾರ್ಡೋಲಿಯ ವರದಿ ಮರುಕಳಿಸುತ್ತದೆ.

ಆದರೆ ನೀತಿಯ ನಿಜವಾದ ಪರೀಕ್ಷೆ ನಡೆಯುವುದು ಇನ್ನೂ ಚಿಕ್ಕ ಜಾಗಗಳಲ್ಲಿ. ಹೊಲದ ಗಡಿ ಗುರುತಿಸುವ ಹದ್ದುಬಸ್ತಿನ ದಿನವನ್ನು ನೆನಪಿಸಿಕೊಳ್ಳಿ. ಅರ್ಜಿದಾರ ಬಸ್‌ಸ್ಟ್ಯಾಂಡಿಗೆ ಬೈಕು ಕಳಿಸಿರುತ್ತಾನೆ. ‘ಬರ್ರಿ ಸಾಹೇಬ್ರ, ಮೊದಲ ಚಾ ಕುಡೀರಿ’ ಎಂಬ ಉಪಚಾರ. ಮಧ್ಯಾಹ್ನಕ್ಕೆ ಮನೆಯಲ್ಲಿ ಹೋಳಿಗೆಯೋ ಕೋಳಿಯೋ ಬೇಯುತ್ತಿರುತ್ತದೆ. ಬದುವಿನ ಆಚೆ ತಲೆಗೆ ಟವೆಲ್ ಸುತ್ತಿ ನಿಂತ ಪಕ್ಕದ ಹೊಲದವನು ಇದನ್ನೆಲ್ಲ ನೋಡುತ್ತಿರುತ್ತಾನೆ. ಅಳತೆ ಎಷ್ಟೇ ಸರಿಯಿರಲಿ, ಆ ಊಟ ಮುಗಿದ ಮೇಲೆ ಅವನು ಅದನ್ನು ನಂಬುವುದು ಕಷ್ಟ. ಬುತ್ತಿ ಕಟ್ಟಿಕೊಂಡು ಬಂದು ಬೇವಿನ ಮರದಡಿ ಉಣ್ಣುವ ಸರ್ವೆಯರ್ ಯಾವ ನೀತಿಸಂಹಿತೆಯನ್ನೂ ಓದಿರಲಿಕ್ಕಿಲ್ಲ. ಆದರೂ ಆ ದಿನದ ಅಳತೆಗೆ ಬೇಕಾದ ಅರ್ಧ ವಿಶ್ವಾಸವನ್ನು ಅಲ್ಲೇ ಸಂಪಾದಿಸಿರುತ್ತಾನೆ.

ಉಳಿದರ್ಧಕ್ಕೂ ದೊಡ್ಡ ವಿದ್ಯೆ ಬೇಡ. ನಾಲ್ಕೂ ಕಡೆಯವರಿಗೆ ನೋಟಿಸು ನಿಜವಾಗಿ ಮುಟ್ಟಿದೆಯೇ ಎಂದು ನೋಡುವುದು. ಯಾವ ಕಲ್ಲಿನಿಂದ ಶುರು ಮಾಡುತ್ತೇನೆ, ಏಕೆ ಎಂದು ಎಲ್ಲರೆದುರು ಹೇಳುವುದು. ಕಲ್ಲು ಸಿಗದಿದ್ದರೆ ಸಿಗಲಿಲ್ಲ ಎಂದೇ ಬರೆಯುವುದು. ‘ಹೊಲ ಯಾರದು ಹೇಳಿಬಿಡ್ರಿ’ ಎಂದು ಜನ ದುಂಬಾಲು ಬಿದ್ದಾಗ, ಗೆರೆ ಎಲ್ಲಿದೆ ಎಂದಷ್ಟೇ ಹೇಳಬಲ್ಲೆ, ಹಕ್ಕು ಯಾರದೆಂಬುದು ನ್ಯಾಯಾಲಯದ ಮಾತು ಎಂದು ಅಲ್ಲಿಗೇ ನಿಲ್ಲಿಸುವುದು. ತನ್ನ ನೆಂಟರ ಹೊಲ ಅಳೆಯುವ ಸರದಿ ಬಂದರೆ ಕಡತವನ್ನು ಬೇರೆಯವರಿಗೆ ಒಪ್ಪಿಸುವುದು. ಖಾಲಿ ಪಂಚನಾಮೆಗೆ ಸಹಿ ಪಡೆದಿಟ್ಟುಕೊಂಡು ಸಂಜೆ ಕೂತು ತುಂಬದಿರುವುದು.

ನಾವು, ಅಳೆಸುವವರು, ಮಾಡಬೇಕಾದ್ದೂ ಇದೆ. ನೋಟಿಸು ಬಂದಾಗ ‘ಅವರ ಹೊಲ ಅಳೆದರೆ ನಮಗೇನು’ ಎಂದು ಮನೆಯಲ್ಲಿ ಕೂರಬಾರದು. ನಮ್ಮ ಗೈರುಹಾಜರಿಯೂ ಆ ನಕ್ಷೆಯಲ್ಲಿ ಒಂದು ಗೆರೆಯಾಗಿ ಮೂಡುತ್ತದೆ. ಬದುವಿಗೆ ಹೋಗಿ ನಿಲ್ಲಬೇಕು, ಅರ್ಥವಾಗದ್ದನ್ನು ಕೇಳಬೇಕು, ಒಪ್ಪದಿದ್ದರೆ ಒಪ್ಪಿಲ್ಲವೆಂದು ಮಹಜರಿನಲ್ಲೇ ಬರೆಸಬೇಕು.

ಸರಪಳಿಯ ಕಾಲದಲ್ಲಿ ಒಳ್ಳೆಯ ಅಳತೆಗಾರರಿಗೆ ಒಂದು ಸುಲಭದ ಉಪಾಯವಿತ್ತು. ಒಂದು ತುದಿಯನ್ನು ಅರ್ಜಿದಾರನ ಕಡೆಯವನಿಗೆ ಕೊಟ್ಟರೆ ಇನ್ನೊಂದನ್ನು ಪಕ್ಕದ ಹೊಲದವನ ಕೈಗೆ ಕೊಟ್ಟು, ‘ಬಿಗಿಯಾಗಿ ಹಿಡ್ಕೋರಿ’ ಎನ್ನಬಹುದಿತ್ತು. ಅಳೆದದ್ದು ಇಬ್ಬರೂ ಸೇರಿ ಅಂದಮೇಲೆ ಆಣೆ ಹೆಚ್ಚಾಯಿತೆಂದು ಯಾರು ಯಾರನ್ನು ದೂರುವುದು? ರೋವರ್‌ಗೆ ಆ ಎರಡನೆಯ ತುದಿಯಿಲ್ಲ. ಅದರ ಚಿಕ್ಕ ಪರದೆಯನ್ನು ಬದುವಿನಾಚೆ ನಿಂತವನ ಕಡೆಗೆ ತಿರುಗಿಸಿ, ‘ನೀವೂ ನೋಡ್ರಿ’ ಎನ್ನುವ ಕೆಲಸ ಈಗ ಕೋಲು ಹಿಡಿದವನದೇ.